ನಿಮಿಷದ ದರದಲ್ಲಿ ಭವಿಷ್ಯ: ಫೋನ್ ಜ್ಯೋತಿಷ್ಯ ಸೇವೆಯೊಂದರ ವಿಮರ್ಶೆ

ಮೊಬೈಲ್ ಆ್ಯಪ್‌ನಲ್ಲಿ ಹಣ ತುಂಬಿ, ನಿಮಿಷದ ಲೆಕ್ಕದಲ್ಲಿ ಜ್ಯೋತಿಷಿಗಳೊಡನೆ ಮಾತನಾಡುವ ಸೇವೆಗಳು ಈಗ ಹಲವು ಇವೆ. ಅವುಗಳಲ್ಲಿ ಕನ್ನಡದಲ್ಲೂ ದೊರೆಯುವ ಒಂದನ್ನು ನನ್ನ ತಂಗಿಯ ಮನೆಯವರು ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದಾಗ ಬಳಸಿದರು. ತಂಗಿ ಕೇಳಿಕೊಂಡದ್ದರಿಂದ ನಾನು ಅದರ ಒಂದೊಂದು ಭಾಗವನ್ನೂ ತೆರೆದು ನೋಡಿದೆ, ಕೆಲವು ಕರೆಗಳಲ್ಲಿ ಪಕ್ಕದಲ್ಲಿ ಕುಳಿತು ಕೇಳಿದೆ. ಸೇವೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳುವ ಮಾತು ಈ ಬಗೆಯ ಎಲ್ಲ ಸೇವೆಗಳಿಗೂ ಸಲ್ಲುವಂಥದ್ದು. ನಮ್ಮದು ಇಷ್ಟಲಿಂಗ ಪೂಜೆಯ ಮನೆತನ. ಆದ್ದರಿಂದ ಈ ಬರಹದಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ದೇವರನ್ನು ನಂಬಿದವರು ದಾರಿ ಕಾಣದೆ ನಿಂತಾಗ ಈ ಸೇವೆಯ ಬಾಗಿಲಿಗೆ ಹೋಗಬಹುದೇ? ಹೋಗಬಾರದು ಎಂಬುದು ನನ್ನ ತೀರ್ಮಾನ. ಆದರೆ ವಿಮರ್ಶೆ ಎಂದ ಮೇಲೆ ಸೇವೆಯಲ್ಲಿ ಚೆನ್ನಾಗಿರುವುದನ್ನೂ ಹೇಳುವುದು ನ್ಯಾಯ.

ಮೊದಲಿಗೆ ಹೆಸರು, ಹುಟ್ಟಿದ ದಿನ, ಹೊತ್ತು ಮತ್ತು ಊರನ್ನು ತುಂಬಬೇಕು. ಕ್ಷಣದಲ್ಲಿ ಜನ್ಮಕುಂಡಲಿ, ನವಾಂಶ, ನಡೆಯುತ್ತಿರುವ ದಶೆ ಮತ್ತು ಭುಕ್ತಿ ಎಲ್ಲವೂ ಪರದೆಯ ಮೇಲೆ ಬರುತ್ತವೆ. ಅನಂತರ ಜ್ಯೋತಿಷಿಗಳ ಪಟ್ಟಿ ತೆರೆದುಕೊಳ್ಳುತ್ತದೆ. ಒಬ್ಬೊಬ್ಬರ ಭಾವಚಿತ್ರದ ಕೆಳಗೆ ಅವರ ಅನುಭವ, ಬಲ್ಲ ಭಾಷೆಗಳು, ಹಿಂದಿನ ಗ್ರಾಹಕರು ಕೊಟ್ಟ ಅಂಕ ಮತ್ತು ನಿಮಿಷದ ದರ ಇರುತ್ತವೆ. ಮೊದಲ ಕರೆಗೆ ದರ ತೀರ ಕಡಿಮೆ. ಆಮೇಲಿನ ಕರೆಗಳಿಗೆ ಮೊದಲೇ ತುಂಬಿಟ್ಟ ಹಣದಿಂದ ನಿಮಿಷ ನಿಮಿಷಕ್ಕೂ ಕಡಿತವಾಗುತ್ತದೆ, ಹಣ ಮುಗಿಯುತ್ತ ಬಂದಂತೆ ಎಚ್ಚರಿಕೆಯ ಸದ್ದು ಕೇಳಿಸುತ್ತದೆ. ಕರೆ ಸ್ವೀಕರಿಸಿದವರ ಕನ್ನಡ ಸ್ವಚ್ಛವಾಗಿತ್ತು, ಮಾತಿನಲ್ಲಿ ಮರ್ಯಾದೆ ಇತ್ತು. ಒಬ್ಬರಂತೂ ತಂಗಿ ಅಳುವಾಗ ತಾವು ಸುಮ್ಮನಾಗಿ, ಅವಳು ಸುಧಾರಿಸಿಕೊಳ್ಳುವವರೆಗೆ ಕಾದರು. ರಾತ್ರಿ ಹನ್ನೊಂದರ ಮೇಲೆ ಒಬ್ಬ ತಾಯಿಯ ಆತಂಕವನ್ನು ಹೀಗೆ ಕೇಳಿಸಿಕೊಳ್ಳುವವರು ಬೇರೆ ಯಾರಿದ್ದಾರೆ ಎಂದು ನಾನೂ ಯೋಚಿಸಿದ್ದುಂಟು. ಸೇವೆಯ ಜನಪ್ರಿಯತೆಗೆ ಇದೇ ದೊಡ್ಡ ಕಾರಣವೆಂದು ನನಗೆ ಅನ್ನಿಸುತ್ತದೆ. ಕೂಡುಕುಟುಂಬ ಕರಗಿದ ಮೇಲೆ, ಮಠ ಊರಿನಲ್ಲೇ ಉಳಿದು ಮಕ್ಕಳು ಬೆಂಗಳೂರು, ಪುಣೆಗಳನ್ನು ಸೇರಿದ ಮೇಲೆ, ಹಿರಿಯರ ಎದುರು ಕುಳಿತು ಬಿಚ್ಚಿಡುತ್ತಿದ್ದ ಚಿಂತೆ ಈಗ ಹೊಸ ಕಿವಿಯನ್ನು ಹುಡುಕುತ್ತಿದೆ.

ಗಣಿತದ ಭಾಗ ಒಟ್ಟಿನಲ್ಲಿ ಅಚ್ಚುಕಟ್ಟಾಗಿದೆ. ತಿಥಿ, ನಕ್ಷತ್ರ, ಸೂರ್ಯೋದಯ ಮತ್ತು ಗ್ರಹಣದ ಹೊತ್ತುಗಳನ್ನು ಮನೆಯ ಗೋಡೆಯ ಪಂಚಾಂಗದ ಜೊತೆ ಹೋಲಿಸಿದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟ ಮೇಲೆ ಹೆಚ್ಚು ಬಳಕೆಗೆ ಬಂದ ಲಾಹಿರಿ ಅಯನಾಂಶವನ್ನೇ, ಅಂದರೆ ರಾಶಿಚಕ್ರ ಎಲ್ಲಿಂದ ಆರಂಭವೆಂದು ಗೊತ್ತುಮಾಡುವ ಲೆಕ್ಕವನ್ನೇ, ಈ ಆ್ಯಪ್ ಕೂಡ ಬಳಸುತ್ತದೆ. ಬೇಕೆಂದವರು ಬೇರೆ ಅಯನಾಂಶವನ್ನು ಆರಿಸಿಕೊಳ್ಳಬಹುದು. ಆದರೆ ಹುಟ್ಟಿದ ಹೊತ್ತು ನಿಖರವಾಗಿರದಿದ್ದರೆ ಏನಾಗುತ್ತದೆ ಎಂಬುದನ್ನು ಅದು ಎಲ್ಲಿಯೂ ಹೇಳುವುದಿಲ್ಲ. ಲಗ್ನವು, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿಯ ಬಿಂದು, ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಸರಿಯುತ್ತ, ಸುಮಾರು ಎರಡು ಗಂಟೆಗೆ ಒಂದು ರಾಶಿಯನ್ನು ದಾಟುತ್ತದೆ. ನಮ್ಮ ತಲೆಮಾರಿನ ಎಷ್ಟೋ ಜನರ ಹುಟ್ಟಿದ ಹೊತ್ತು ದನ ಮನೆಗೆ ಬರುವ ವೇಳೆ, ಕೋಳಿ ಕೂಗುವ ವೇಳೆ ಎಂಬಷ್ಟೇ ಖಚಿತ. ಅಂಥ ಹೊತ್ತನ್ನು ತುಂಬಿದರೂ ಯಂತ್ರ ಅಷ್ಟೇ ಭರವಸೆಯಿಂದ ಕುಂಡಲಿ ಬರೆದುಕೊಡುತ್ತದೆ. ಒಂದೇ ಕುಂಡಲಿಯನ್ನು ನೋಡಿದ ಇಬ್ಬರು ಜ್ಯೋತಿಷಿಗಳಲ್ಲಿ ಒಬ್ಬರು ಈ ವರ್ಷವೇ ಮದುವೆ ಮಾಡಿಬಿಡಿ ಎಂದರೆ, ಇನ್ನೊಬ್ಬರು ಈ ವರ್ಷ ಕೈಹಾಕಲೇ ಬೇಡಿ ಎಂದರು. ಮೂರನೆಯವರನ್ನು ಕೇಳುವುದೇ ಇದಕ್ಕೆ ಪರಿಹಾರವೆಂದು ತಂಗಿಗೆ ತೋರಿತು, ಮತ್ತೆ ಹಣ ತುಂಬಿದಳು.

ಇನ್ನು ಜಾತಕ ಹೊಂದಾಣಿಕೆಯ ವರದಿ. ಈ ಸೇವೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ ಭಾಗ ಇದು. ಎಂಟು ಕೂಟಗಳನ್ನು, ಅಂದರೆ ಹೊಂದಾಣಿಕೆಯ ಎಂಟು ಬಗೆಗಳನ್ನು, ಲೆಕ್ಕ ಹಾಕಿ ಮೂವತ್ತಾರು ಗುಣಗಳಿಗೆ ಎಷ್ಟು ಬಂದವು ಎಂದು ಇದು ಹೇಳುತ್ತದೆ. ಹದಿನೆಂಟು ಬಂದರೆ ಸಾಕು ಎಂಬುದು ರೂಢಿ. ವಶ್ಯ, ತಾರಾ, ಯೋನಿ, ಗ್ರಹಮೈತ್ರಿ, ಗಣ, ಭಕೂಟ, ನಾಡಿ ಎಂದು ಸಾಗುವ ಈ ಪಟ್ಟಿಯ ಮೊದಲ ಸಾಲಿನಲ್ಲಿರುವುದು ವರ್ಣಕೂಟ. ಕರ್ಕ, ವೃಶ್ಚಿಕ, ಮೀನ ರಾಶಿಗಳು ಬ್ರಾಹ್ಮಣ. ಮೇಷ, ಸಿಂಹ, ಧನು ಕ್ಷತ್ರಿಯ. ವೃಷಭ, ಕನ್ಯಾ, ಮಕರ ವೈಶ್ಯ. ಮಿಥುನ, ತುಲಾ, ಕುಂಭ ಶೂದ್ರ. ಗಂಡಿನ ವರ್ಣ ಹೆಣ್ಣಿನ ವರ್ಣಕ್ಕೆ ಸಮನಾಗಿ ಅಥವಾ ಅದಕ್ಕಿಂತ ಮೇಲಾಗಿ ಇದ್ದರೆ ಒಂದು ಅಂಕ, ಕೆಳಗಿದ್ದರೆ ಸೊನ್ನೆ. ನಮ್ಮ ಹುಡುಗಿಯದು ಧನು, ಹುಡುಗನದು ಮಿಥುನ, ಹಾಗಾಗಿ ಸೊನ್ನೆ. ಮೂವತ್ತಾರರಲ್ಲಿ ಒಂದು ಅಂಕ ಹೋದರೆ ಏನಾಯಿತು ಎಂದು ಕರೆಯಲ್ಲಿದ್ದವರು ಸಮಾಧಾನ ಹೇಳಿದರು, ಮೊತ್ತವೂ ಹದಿನೆಂಟನ್ನು ದಾಟಿತ್ತು. ಆದರೂ ನನಗೆ ಸಮಾಧಾನವಾಗಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನಡೆದ ಸಂಬಂಧಕ್ಕಾಗಿ ಶರಣರು ಪ್ರಾಣ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಆ ಶರಣರ ಹೆಸರು ಹೇಳಿಕೊಂಡು ಲಿಂಗ ಕಟ್ಟಿಕೊಂಡವರ ಮನೆಯ ಮದುವೆಯನ್ನು ರಾಶಿಗಳ ಮೇಲು ಕೀಳಿನಿಂದ ಅಳೆಯುವ ಕಾಗದವು ಹೇಗೆ ಒಳಗೆ ಬಂತು ಎಂದು ನಾನು ತಂಗಿಯನ್ನು ಕೇಳಿದೆ. "ಅಣ್ಣಾ, ಎಲ್ಲರೂ ನೋಡಿಸುತ್ತಾರಲ್ಲ, ನಾವೊಬ್ಬರು ಬಿಟ್ಟರೆ ನಾಳೆ ಏನಾದರೂ ಆದಾಗ ಜನ ನಮ್ಮನ್ನೇ ಅನ್ನುತ್ತಾರೆ" ಎಂದಳು. ಈ ಮಾತಿನಲ್ಲಿ ಗ್ರಹಗಳ ಭಯಕ್ಕಿಂತ ಜನರ ಭಯವೇ ದೊಡ್ಡದಾಗಿತ್ತು.

ಮೊತ್ತ ಸಾಲದೆ ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೊತ್ತ ಸಾಕಷ್ಟು ಬಂದ ಮೇಲೆ ದೋಷಗಳ ಸರದಿ ಆರಂಭವಾಯಿತು. ಹುಡುಗಿಯ ನಕ್ಷತ್ರ ಮೂಲಾ. ಮೂಲಾ ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು, ಜ್ಯೇಷ್ಠಾ ಭಾವನಿಗೆ ಆಗದು, ವಿಶಾಖಾ ಮೈದುನನಿಗೆ ಆಗದು ಎಂಬ ಮಾತು ನಮ್ಮ ಸೀಮೆಯಲ್ಲಿ ಹಳೆಯದು. ಇಪ್ಪತ್ತೇಳು ನಕ್ಷತ್ರಗಳಲ್ಲಿ ನಾಲ್ಕನ್ನು ಹೀಗೆ ಗುರುತು ಹಾಕಿಟ್ಟುದರಿಂದ ಎಷ್ಟು ಹೆಣ್ಣುಮಕ್ಕಳು ಬಂದ ಸಂಬಂಧಗಳನ್ನು ಕಳೆದುಕೊಂಡರೋ, ಎಷ್ಟು ತಂದೆಯರು ಜಾತಕವನ್ನೇ ಬದಲಿಸಿ ಬರೆಸಿದರೋ ಲೆಕ್ಕವಿಟ್ಟವರಿಲ್ಲ. ಇದೇ ಮಾತನ್ನು ಮೂಲಾ ನಕ್ಷತ್ರದ ಗಂಡಿಗೆ ಯಾರೂ ಹೇಳುವುದಿಲ್ಲ. ಕರೆಯನ್ನು ಸ್ಪೀಕರ್‌ಗೆ ಹಾಕಿದ್ದರಿಂದ ಹುಡುಗಿಯೂ ಕೇಳಿಸಿಕೊಂಡಳು. "ಮಾಮಾ, ನಾ ಹುಟ್ಟಿದ ಹೊತ್ತಿಗೆ ನಾನೇನು ಮಾಡಲಿ?" ಎಂದು ನನ್ನನ್ನು ಕೇಳಿದಳು. ಮಾಸ್ಟರ್ ಡಿಗ್ರಿ ಮುಗಿಸಿ ದುಡಿಯುತ್ತಿರುವ ಹೆಣ್ಣುಮಗಳ ಬಾಯಲ್ಲಿ ಈ ಮಾತನ್ನು ಬರಿಸಿದ ಸೇವೆಗೆ ನಾನು ಒಳ್ಳೆಯ ಅಂಕ ಕೊಡಲಾರೆ, ಕರೆ ಸ್ವೀಕರಿಸಿದವರ ದನಿ ಎಷ್ಟೇ ಮೃದುವಾಗಿರಲಿ.

ದೋಷಗಳ ಲೆಕ್ಕವನ್ನು ಓದುಗರು ತಾವೇ ಒಮ್ಮೆ ಹಾಕಿ ನೋಡಬೇಕೆಂದು ಬೇಡುತ್ತೇನೆ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ ಮತ್ತು ಮುಂದಿನ ರಾಶಿ, ಈ ಮೂರರಲ್ಲಿ ಶನಿ ಇರುವಷ್ಟು ಕಾಲ ಸಾಡೇಸಾತಿ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ. ಎಲ್ಲಿಯೇ ಇರಲಿ, ಹನ್ನೆರಡು ರಾಶಿಗಳಲ್ಲಿ ಮೂರು ರಾಶಿಯವರಿಗೆ ಯಾವಾಗಲೂ ಸಾಡೇಸಾತಿ ನಡೆಯುತ್ತಲೇ ಇರುತ್ತದೆ. 2025ರ ಮಾರ್ಚ್ ಕೊನೆಯಲ್ಲಿ ಶನಿ ಮೀನಕ್ಕೆ ಬಂದಾಗಿನಿಂದ ಅದು ಕುಂಭ, ಮೀನ, ಮೇಷ ರಾಶಿಯವರ ಪಾಲಿಗೆ. ಅಂದರೆ ಯಾವ ದಿನ ನೋಡಿದರೂ ಸುಮಾರು ಕಾಲು ಭಾಗ ಜನ ಈ ಸೇವೆಗೆ ಕರೆ ಮಾಡಿ ಹೆದರಬೇಕಾದವರ ಪಟ್ಟಿಯಲ್ಲಿರುತ್ತಾರೆ. ಕುಜದೋಷದ ಲೆಕ್ಕ ಇನ್ನೂ ವಿಶಾಲ. ಲಗ್ನದಿಂದ ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೆಯ ಮನೆಗಳಲ್ಲಿ ಕುಜನಿದ್ದರೆ ದೋಷ. ಕೆಲವರು ಲಗ್ನವನ್ನೂ ಸೇರಿಸುತ್ತಾರೆ. ಹನ್ನೆರಡರಲ್ಲಿ ಐದು ಅಥವಾ ಆರು ಮನೆಗಳು ಹೋದವು. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕೆಂದರೆ ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಲೆಕ್ಕದಲ್ಲಿ ದೋಷವಿರುವವರೇ. ಅಪವಾದಗಳು ಬಹಳ ಇವೆ, ನಿಜ. ಆದರೆ ಅಪವಾದ ಇದೆಯೋ ಇಲ್ಲವೋ ತಿಳಿಯಬೇಕಾದರೆ ಇನ್ನೊಂದು ಕರೆ ಮಾಡಬೇಕು. ಅನಂತರ ಪರಿಹಾರ: ಕುಜನಿಗೆ ಹವಳ, ರಾಹುವಿಗೆ ಗೋಮೇಧಿಕ, ಶನಿಗೆ ನೀಲ. ಈ ಕಲ್ಲುಗಳ ಉಂಗುರಗಳೂ ದೂರದ ದೇವಸ್ಥಾನಗಳಲ್ಲಿ ನಮ್ಮ ಹೆಸರಿನಲ್ಲಿ ಮಾಡಿಸಬಹುದಾದ ಪೂಜೆಗಳೂ ಅದೇ ಆ್ಯಪ್‌ನ ಇನ್ನೊಂದು ಪುಟದಲ್ಲಿ ಮಾರಾಟಕ್ಕಿವೆ. ಭಯವನ್ನು ಹೇಳುವವರೂ ಪರಿಹಾರವನ್ನು ಮಾರುವವರೂ ಒಂದೇ ಮನೆಯವರಾಗಿರುವುದನ್ನು ಬೇರೆ ಯಾವ ವ್ಯವಹಾರದಲ್ಲಾದರೂ ನಾವು ಸಂಶಯದಿಂದಲೇ ನೋಡುತ್ತೇವೆ.

ಖರ್ಚು, ಗೊಂದಲ, ವ್ಯತ್ಯಾಸಗಳೆಲ್ಲವನ್ನೂ ಒಂದು ಪಕ್ಕಕ್ಕೆ ಇಟ್ಟರೂ ನನ್ನ ಮುಖ್ಯ ಆಕ್ಷೇಪ ಹಾಗೆಯೇ ಉಳಿಯುತ್ತದೆ. ಈ ಸೇವೆ ಪ್ರತಿ ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ಆ ದಿನದ ಫಲವನ್ನು ಸಂದೇಶವಾಗಿ ಕಳಿಸುತ್ತದೆ. ನನ್ನ ತಂಗಿ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುವ ಮೊದಲೇ ಆ ಸಂದೇಶವನ್ನು ಓದುವುದು ರೂಢಿಯಾಯಿತು. ಆ ಹೊತ್ತಿಗೆ ಮನಸ್ಸು ಆಗಲೇ ಒಂದು ತೀರ್ಪನ್ನು ಕೇಳಿ ಆಗಿರುತ್ತದೆ. ಇವತ್ತು ಅಶುಭ ಎಂದು ಓದಿದವಳ ಪ್ರಾರ್ಥನೆಯಲ್ಲಿ ಆ ಅಶುಭದಿಂದ ಪಾರು ಮಾಡು ಎಂಬ ಬೇಡಿಕೆಯೊಂದೇ ಉಳಿಯುತ್ತದೆ; ಶುಭ ಎಂದು ಓದಿದ ದಿನ ಪ್ರಾರ್ಥನೆಗೆ ಅವಸರವೇ ಇರುವುದಿಲ್ಲ. ಇಷ್ಟಲಿಂಗವನ್ನು ಅಂಗೈಗೆ ಕೊಟ್ಟುದರ ಅರ್ಥವೇ ದೇವರಿಗೂ ಭಕ್ತನಿಗೂ ನಡುವೆ ಮೂರನೆಯವರು ಬೇಡ ಎಂಬುದು. ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಕೈಗೇ ದೇವರು ಬಂದ. ಅಂಥ ಕೈಯಲ್ಲಿ ಫೋನ್ ಹಿಡಿದು, ದೇವರು ನನಗೆ ಏನು ಮಾಡಲಿದ್ದಾನೆ ಎಂದು ಪರಿಚಯವಿಲ್ಲದ ಒಬ್ಬರನ್ನು ನಿಮಿಷಕ್ಕಿಷ್ಟು ಎಂದು ಕೊಟ್ಟು ಕೇಳುವುದು ನನಗೆ ಬಹಳ ನೋವಿನ ವಿಷಯ.

ಬಸವಣ್ಣನವರು ಈ ವಿಷಯದಲ್ಲಿ ಅನುಮಾನಕ್ಕೆ ಎಡೆ ಬಿಟ್ಟಿಲ್ಲ. ನಮ್ಮವರು ಬಂದು ಕೇಳಿದರೆ ಶುಭಲಗ್ನವೆಂದೇ ಹೇಳಿ, ರಾಶಿ ಕೂಡಿದೆ ಎನ್ನಿ, ಚಂದ್ರಬಲ ತಾರಾಬಲ ಇದೆ ಎನ್ನಿ, ನಾಳೆಗಿಂತ ಇಂದೇ ಲೇಸು ಎನ್ನಿ ಎಂದು ಅವರು ಒಂದು ವಚನದಲ್ಲಿ ಕೇಳಿಕೊಳ್ಳುತ್ತಾರೆ. ದೇವರ ಕೆಲಸಕ್ಕೆ ಹೊರಟವರಿಗೆ ಕೆಟ್ಟ ಗಳಿಗೆ ಎಂಬುದೇ ಇಲ್ಲ ಎಂಬ ನಂಬಿಕೆ ಅದು. ಇದು ಶರಣರ ಮಾತು ಮಾತ್ರ ಎಂದು ತಿಳಿಯಬೇಕಾಗಿಲ್ಲ. ಲಕ್ಷ್ಮೀಪತಿಯ ಪಾದವನ್ನು ನೆನೆಯುವ ಗಳಿಗೆಯೇ ಲಗ್ನ, ಅದೇ ಸುದಿನ, ಅದೇ ತಾರಾಬಲ, ಅದೇ ಚಂದ್ರಬಲ ಎಂಬ ಶ್ಲೋಕವನ್ನು ಪುರೋಹಿತರು ಮದುವೆ ಮಂಟಪಗಳಲ್ಲಿ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ತಿಂಗಳುಗಟ್ಟಲೆ ಮುಹೂರ್ತ ಹುಡುಕಿ, ಕೊನೆಗೆ ಆ ಮುಹೂರ್ತದಲ್ಲಿಯೇ ಆ ಶ್ಲೋಕವನ್ನು ಹೇಳಿಸುತ್ತೇವೆ. ಅದರ ಅರ್ಥದ ಕಡೆಗೆ ಯಾರ ಗಮನವೂ ಇರುವುದಿಲ್ಲ. ಜ್ಯೋತಿಷವು ವೇದದ ಅಂಗವಲ್ಲವೇ ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ಹೌದು, ಆರು ವೇದಾಂಗಗಳಲ್ಲಿ ಅದೂ ಒಂದು. ಆದರೆ ಲಗಧನ ಹೆಸರಿನಲ್ಲಿರುವ ಆ ಪ್ರಾಚೀನ ಜ್ಯೋತಿಷವು ಯಜ್ಞಗಳ ಕಾಲವನ್ನು ಗೊತ್ತುಮಾಡಲು ಸೂರ್ಯ ಚಂದ್ರರ ಗತಿಯನ್ನು ಲೆಕ್ಕ ಹಾಕುವ ಶಾಸ್ತ್ರ; ಹನ್ನೆರಡು ರಾಶಿಗಳ ಜಾತಕಫಲ ಅದರಲ್ಲಿ ಇಲ್ಲ.

ಹಾಗಾದರೆ ದೇವರು ದಾರಿ ತೋರಿಸುವುದು ಹೇಗೆ? ತಂಗಿ ನನ್ನನ್ನು ಕೇಳಿದ್ದು ಇದೇ ಪ್ರಶ್ನೆಯನ್ನು, ಅದೂ ಸ್ವಲ್ಪ ಸಿಟ್ಟಿನಿಂದಲೇ. ಜ್ಯೋತಿಷಿಯಾದರೆ ಫೋನಿನಲ್ಲಿ ಉತ್ತರ ಕೊಡುತ್ತಾರೆ, ನಿನ್ನ ದೇವರು ಮಾತನಾಡುತ್ತಾನೆಯೇ ಎಂದಳು. ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ಇದಕ್ಕೆ ತುಸು ವಿವರವಾಗಿ ಉತ್ತರಿಸುತ್ತೇನೆ. ದೇವರನ್ನು ಮಾತ್ರ ನಂಬುವುದೆಂದರೆ ಕೈಕಟ್ಟಿ ಕುಳಿತು ಆಕಾಶವಾಣಿಗೆ ಕಾಯುವುದಲ್ಲ. ವಿಗ್ರಹದ ಬಲಗಡೆ ಹೂ ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ ಎಂದು ಪ್ರಸಾದ ಕೇಳುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಅದರ ಹಿಂದಿನ ಭಕ್ತಿಯನ್ನು ನಾನು ಗೌರವಿಸುತ್ತೇನೆ, ಆದರೆ ಅದೂ ದೇವರಿಂದ ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ನಾವು ಹೇಳಿದ ಹೊತ್ತಿಗೆ ಕೇಳುವ ಅವಸರವೇ ಎಂದು ನನ್ನ ಭಾವನೆ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕವನ್ನು ಹಿಡಿದವರು. ನಂಬಿಕೆಯಿದೆ ಎಂದು ಅವರು ಲೆಕ್ಕ ಬರೆಯುವುದನ್ನು ಬಿಡಲಿಲ್ಲ. ಮಾಡಬೇಕಾದ ವಿಚಾರಣೆಯನ್ನು ಪ್ರಾಮಾಣಿಕವಾಗಿ ಮಾಡಿ, ಅದರ ಫಲ ನಮ್ಮ ಆಸೆಗೆ ವಿರುದ್ಧವಾಗಿ ಬಂದರೂ ಒಪ್ಪಿಕೊಳ್ಳುವ ಮನಸ್ಸನ್ನು ದಿನವೂ ಪೂಜೆಯಲ್ಲಿ ಬೇಡಿಕೊಳ್ಳುವುದು, ನನ್ನ ತಿಳಿವಳಿಕೆಯಲ್ಲಿ, ದೇವರಿಂದ ದಾರಿ ಕೇಳುವ ರೀತಿ.

ಬಸವಣ್ಣನವರ ಬದುಕಿನ ಒಂದು ಪ್ರಸಂಗ ಇಲ್ಲಿ ನನಗೆ ನೆನಪಾಗುತ್ತದೆ. ಬಾಗೇವಾಡಿಯ ಮನೆಯನ್ನು ಬಿಟ್ಟು, ಕೃಷ್ಣಾ ಮಲಪ್ರಭೆಯರು ಸೇರುವ ಕೂಡಲಸಂಗಮಕ್ಕೆ ಬಂದು, ಸಂಗಮನಾಥನ ಪೂಜೆಯಲ್ಲಿ ಅವರು ನೆಮ್ಮದಿಯಾಗಿದ್ದರು. ಆಗ ಸಂಗಮನಾಥನೇ ಕನಸಿನಲ್ಲಿ ಬಂದು, ಇಲ್ಲಿಂದ ಹೊರಡು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗು ಎಂದನೆಂದು ಪರಂಪರೆಯ ಕಥೆ. ಬಸವಣ್ಣ ಸಂತೋಷಪಡಲಿಲ್ಲ; ನಿನ್ನನ್ನು ಅಗಲಿ ಹೇಗಿರಲಿ ಎಂದು ಅತ್ತರು. ಆದರೂ ಹೋದರು. ಕಲ್ಯಾಣದ ಎಲ್ಲ ದೊಡ್ಡ ಕೆಲಸವೂ ಆ ಒಲ್ಲದ ಪ್ರಯಾಣದಿಂದ ಹುಟ್ಟಿತು. ಭಕ್ತನಿಗೆ ಇಷ್ಟವಾಗದ ಆಜ್ಞೆಯನ್ನೂ ಕೊಡುವ ಶಕ್ತಿ ದೇವರ ಮಾರ್ಗದರ್ಶನಕ್ಕೆ ಇದೆ. ಈ ಸೇವೆಗೆ ಆ ಶಕ್ತಿ ಇಲ್ಲ, ಇರಲೂ ಸಾಧ್ಯವಿಲ್ಲ: ಕರೆಯ ಕೊನೆಯಲ್ಲಿ ಗ್ರಾಹಕರು ಅಂಕ ಕೊಡುತ್ತಾರೆ, ಆ ಅಂಕದ ಮೇಲೆ ಜ್ಯೋತಿಷಿಯ ಮುಂದಿನ ಕರೆಗಳು ನಿಂತಿವೆ. ಹಣಕೊಟ್ಟವರ ಮುಖ ನೋಡಿ ಮಾತು ಬದಲಿಸಬೇಕಾದ ಸ್ಥಿತಿಯಲ್ಲಿ ಅವರನ್ನು ಇರಿಸಿದ್ದು ಈ ಸೇವೆಯ ರಚನೆಯೇ, ಅವರ ಸ್ವಭಾವವಲ್ಲ. ನೀವು ಹೆಂಡತಿಯ ಜೊತೆ ಸರಿಯಾಗಿ ನಡೆದುಕೊಳ್ಳಿ, ಸಾಲ ತೀರಿಸಿ, ಮಗಳ ಮಾತನ್ನು ಕೇಳಿ ಎಂದು ಯಾರಾದರೂ ಹೇಳಿಯಾರೇನೋ ಎಂದು ಕಾದೆ. ನಾನು ಕೇಳಿದ ಕರೆಗಳಲ್ಲಿ ಎಲ್ಲ ಕಷ್ಟಕ್ಕೂ ಕಾರಣ ಆಕಾಶದಲ್ಲೇ ಇತ್ತು.

ನಮ್ಮ ಮನೆಯ ವಿಷಯವನ್ನು ಹೇಳಿ ಮುಗಿಸುತ್ತೇನೆ. ತಂಗಿಯೂ ಭಾವನವರೂ ಕೆಲವು ದಿನ ಆ್ಯಪ್ ತೆರೆಯದೆ ಇರಲು ಒಪ್ಪಿದರು. ಆ ದಿನಗಳಲ್ಲಿ ಭಾವ ಹುಡುಗ ಕೆಲಸ ಮಾಡುವ ಊರಿಗೆ ಹೋಗಿ ಬಂದರು, ಅವನ ಬಾಡಿಗೆ ಮನೆಯ ಮಾಲೀಕರೊಡನೆ ಮಾತನಾಡಿದರು, ಸಾಲ ಎಷ್ಟಿದೆ ಎಂದು ಅವನನ್ನೇ ನೇರವಾಗಿ ಕೇಳಿದರು. ಹುಡುಗ ಹುಡುಗಿ ಇಬ್ಬರೂ ತಾವಾಗಿಯೇ ರಕ್ತಪರೀಕ್ಷೆ ಮಾಡಿಸಿಕೊಂಡರು. ನಾವು ಪರಿಚಯದ ಸ್ವಾಮಿಗಳ ಬಳಿ ಹೋದಾಗ ಅವರು ಜಾತಕ ಕೇಳಲಿಲ್ಲ, ಹುಡುಗಿಯನ್ನು ಕರೆದು ನಿನಗೆ ಒಪ್ಪಿಗೆಯೇ ತಾಯಿ ಎಂದು ಕೇಳಿದರು. ಹುಡುಗನ ತಂದೆಗೆ ಮೂಲಾ ನಕ್ಷತ್ರದ ವಿಷಯವನ್ನು ನಾವೇ ತಿಳಿಸಿದೆವು, ಮುಚ್ಚಿಡುವುದು ಧರ್ಮವಲ್ಲ ಎಂದು. ಅವರು, ನನ್ನ ಆಯುಷ್ಯ ಶಿವ ಕೊಟ್ಟದ್ದು, ಈ ಕೂಸು ಕಸಿದುಕೊಳ್ಳುವುದಲ್ಲ ಎಂದರು. ಮದುವೆಯ ದಿನವನ್ನು ಹುಡುಗಿಯ ರಜೆ ಮತ್ತು ಕಲ್ಯಾಣ ಮಂಟಪ ಸಿಗುವ ದಿನ ನೋಡಿ ಗೊತ್ತುಮಾಡಿದ್ದಾರೆ. ಅದು ಆಷಾಢದಲ್ಲಿ ಬಂದಿದೆ, ಬಾಡಿಗೆಯೂ ಕಡಿಮೆಯಾಯಿತು. ಮುಂದೆ ಇವರ ಬಾಳಿನಲ್ಲಿ ಕಷ್ಟ ಬರುವುದೇ ಇಲ್ಲ ಎಂದು ನಾನು ಹೇಳಲಾರೆ, ದೇವರೂ ಹಾಗೆ ಮಾತು ಕೊಟ್ಟಿಲ್ಲ. ಕಷ್ಟ ಬಂದ ದಿನ ಹುಡುಗಿಯ ನಕ್ಷತ್ರವನ್ನು ಯಾರೂ ಎತ್ತಬಾರದು ಎಂದು ಎರಡೂ ಮನೆಯ ಹಿರಿಯರು ಕುಳಿತು ಮಾತನಾಡಿದ್ದಾರೆ.

ಪಂಚಾಂಗ ನೋಡಲಷ್ಟೇ ಬೇಕೆಂದವರಿಗೆ ಈ ಆ್ಯಪ್‌ನ ಉಚಿತ ಭಾಗ ಸಾಕು, ಅದಕ್ಕೆ ಐದರಲ್ಲಿ ಒಂದು ಅಂಕ ಕೊಟ್ಟಿದ್ದೇನೆ. ಕರೆ, ಹೊಂದಾಣಿಕೆ ಮತ್ತು ಪರಿಹಾರದ ಭಾಗಗಳಿಗೆ ನನ್ನಿಂದ ಅಂಕವಿಲ್ಲ. ಈಗಾಗಲೇ ಬಳಸುತ್ತಿದ್ದು ಬಿಡಬೇಕೆಂದಿರುವವರು ಬರೀ ಆ್ಯಪ್ ಅಳಿಸಿದರೆ ಸಾಲದು. ಮೊದಲು ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನೇ ರದ್ದು ಮಾಡಿ, ಏಕೆಂದರೆ ಮನೆಮಂದಿಯ ಹುಟ್ಟಿದ ದಿನ, ಹೊತ್ತು, ಊರು ಎಲ್ಲವೂ ಅಲ್ಲಿ ಉಳಿದಿರುತ್ತವೆ. ತುಂಬಿಟ್ಟ ಹಣ ಮಿಕ್ಕಿದ್ದರೆ ಹಿಂದಿರುಗಿಸುವ ನಿಯಮವನ್ನು ರದ್ದು ಮಾಡುವ ಮುಂಚೆಯೇ ಓದಿಕೊಳ್ಳಿ. ಬೆಳಗಿನ ಸಂದೇಶಗಳು ವಾಟ್ಸ್ಆ್ಯಪ್‌ಗೂ ಬರುತ್ತಿದ್ದರೆ ಆ ಸಂಖ್ಯೆಯನ್ನು ಬ್ಲಾಕ್ ಮಾಡಬೇಕಾಗುತ್ತದೆ.